ವೆರ್ದಿ ಬರೆಯದ ಒಪೆರಾ ಎಲ್ಲಿ ಹೋಯಿತು?

ಒಂದು ಒಪೆರಾ ಹುಟ್ಟಲು ಬೇಕಾದದ್ದೆಲ್ಲ ಇತ್ತು. ದೃಶ್ಯ ದೃಶ್ಯವಾಗಿ ಬಿಡಿಸಿಟ್ಟ ಕಥಾಹಂದರ ಇತ್ತು. ಒಂದಲ್ಲ, ಎರಡು ಸಲ ಪೂರ್ತಿ ಬರೆಸಿಕೊಂಡ ಸಾಹಿತ್ಯ ಇತ್ತು. ದೊರೆಗೆ ಬ್ಯಾರಿಟೋನ್, ಮಗಳಿಗೆ ಸೊಪ್ರಾನೊ, ವಿದೂಷಕನಿಗೆ ಕಾಂಟ್ರಾಲ್ಟೊ ಎಂದು ಪಾತ್ರಕ್ಕೊಂದು ದನಿಯನ್ನೂ ಗೊತ್ತುಮಾಡಿ ಆಗಿತ್ತು. ಇಟಲಿಯ ಅತಿ ದೊಡ್ಡ ರಂಗಮಂದಿರಗಳಲ್ಲೊಂದು ಬಾಗಿಲು ತೆರೆದು ಕಾದಿತ್ತು. ಬರೆಯಬೇಕಾದವನು ಜುಸೆಪ್ಪೆ ವೆರ್ದಿ. ಬರೆಯಬೇಕಾದದ್ದು ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’. ಆ ಆಸೆ 1843ರಷ್ಟು ಹಿಂದೆಯೇ ಅವನ ಕಾಗದವೊಂದರಲ್ಲಿ ತಲೆ ಹಾಕಿತ್ತು. 1890ರ ದಶಕದಲ್ಲಿ, ಎಂಬತ್ತು ದಾಟಿದ ಮೇಲೂ, ಅದು ಆರಿರಲಿಲ್ಲ. ಐವತ್ತು ವರ್ಷ! ಆದರೂ ‘ರೆ ಲಿಯರ್’ ಎಂಬ ಹೆಸರು ಹೊತ್ತ ಒಂದೇ ಒಂದು ಸ್ವರ ಲೋಕಕ್ಕೆ ಸಿಕ್ಕಿಲ್ಲ.

ಸಿಕ್ಕಿಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರೆ ಇದು ಕೈಬಿಟ್ಟ ಒಂದು ಕೆಲಸದ ಕಥೆ, ಅಷ್ಟೇ. ಆದರೆ ಕಾಗದಪತ್ರಗಳ ಬೆನ್ನುಹತ್ತಿ ಹೋಗಿ ನೋಡಿ. ವೆರ್ದಿ ಒಂದರ ಹಿಂದೊಂದು ಬರೆಯುತ್ತ ಹೋದ ಒಪೆರಾಗಳನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿ. ಮೈ ಜುಂ ಎನ್ನುತ್ತದೆ. ಬರೆಯದ ಆ ಒಪೆರಾ ಬರೆದ ಒಪೆರಾಗಳ ಕೆಳಗೆ ಉದ್ದಕ್ಕೂ ಗುಪ್ತಗಾಮಿನಿಯಾಗಿ ಹರಿಯುತ್ತಿದೆ. ಒಂದು ಕಡೆಯಂತೂ ನೆಲ ಒಡೆದು ಮೇಲೆ ಚಿಮ್ಮಿಬಿಟ್ಟಿದೆ. ಆ ಜಾಗ ಯಾವುದೆಂದು ಹೇಳುವುದಕ್ಕೇ ಈ ಬರಹ.

ಲಿಯರ್ ದೊರೆಯ ಕಥೆ ಕನ್ನಡಿಗರಿಗೆ ಹೊಸದಲ್ಲ. ಎಂ. ಎಸ್. ಪುಟ್ಟಣ್ಣನವರು ಅದನ್ನು ‘ಹೇಮಚಂದ್ರರಾಜ ವಿಲಾಸ’ವಾಗಿ ನಮ್ಮ ನೆಲಕ್ಕೆ ಇಳಿಸಿದರು, ಆಮೇಲೆ ಮಾಸ್ತಿಯವರು ‘ಲಿಯರ್ ಮಹಾರಾಜ’ ಕೊಟ್ಟರು. ವಯಸ್ಸಾದ ದೊರೆ ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚಲು ಕೂರುತ್ತಾನೆ. ಯಾರಿಗೆ ನನ್ನ ಮೇಲೆ ಎಷ್ಟು ಪ್ರೀತಿ, ಹೇಳಿ ಅನ್ನುತ್ತಾನೆ. ಹಿರಿಯರಿಬ್ಬರು ಹೊಗಳಿ ಅಟ್ಟಕ್ಕೇರಿಸುತ್ತಾರೆ, ಕಿರಿಯಳಾದ ಕಾರ್ಡೀಲಿಯಾ ಬೂಟಾಟಿಕೆಯ ಮಾತಾಡಲಾರದೆ ಸುಮ್ಮನಾಗುತ್ತಾಳೆ. ಅವಳನ್ನು ಬರಿಗೈಯಲ್ಲಿ ಹೊರಗಟ್ಟುತ್ತಾನೆ. ಹೊಗಳಿದ ಮಕ್ಕಳು ಅವನನ್ನೇ ಬೀದಿಗೆ ತಳ್ಳುತ್ತಾರೆ. ಬಟಾಬಯಲಿನಲ್ಲಿ, ಗುಡುಗು ಮಳೆಯ ನಡುವೆ, ವಿದೂಷಕನೊಬ್ಬನನ್ನು ಜೊತೆಗಿಟ್ಟುಕೊಂಡು ಮುದುಕನಿಗೆ ಬುದ್ಧಿ ಕದಡುತ್ತದೆ. ಕೊನೆಗೆ ಕಾರ್ಡೀಲಿಯಾಳ ಹೆಣ ಹೊತ್ತುಕೊಂಡು ಬರುತ್ತಾನೆ.

ಈ ಕಥೆ ವೆರ್ದಿಯನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿತು ಎಂಬುದಕ್ಕೆ ಅವನ ಮನೆಯ ಮೂರು ತಾರೀಖುಗಳನ್ನು ನೋಡಿದರೆ ಸಾಕು. ಮಗಳು ವಿರ್ಜಿನಿಯಾ 1838ರ ಆಗಸ್ಟ್‌ನಲ್ಲಿ ತೀರಿಕೊಂಡಳು, ಒಂದೂವರೆ ವರ್ಷವೂ ತುಂಬದ ಕೂಸು. ಮಗ ಇಚೀಲಿಯೊ 1839ರ ಅಕ್ಟೋಬರ್‌ನಲ್ಲಿ ಹೋದ. ಹೆಂಡತಿ ಮಾರ್ಗೆರೀತಾ 1840ರ ಜೂನ್‌ನಲ್ಲಿ. ಎರಡು ವರ್ಷ ತುಂಬುವುದರೊಳಗೆ ಮನೆ ಖಾಲಿಯಾಯಿತು. ಅವನಿಗಿನ್ನೂ 26 ವರ್ಷ. ಆಮೇಲೆ ಅವನು ಬರೆದದ್ದನ್ನೆಲ್ಲ ತೆಗೆದು ನೋಡಿ: ಅಪ್ಪ ಮತ್ತು ಮಗಳು, ಅಪ್ಪ ಮತ್ತು ಮಗಳು! ಪ್ರೇಮಿಗಳ ಯುಗಳಗೀತೆಗಿಂತ ಅಪ್ಪ ಮಗಳ ಯುಗಳಗೀತೆಯಲ್ಲೇ ಅವನ ಸಂಗೀತ ಹೆಚ್ಚು ಸುಡುತ್ತದೆ.

1843ರಲ್ಲಿ ವೆನಿಸ್ಸಿನ ಲಾ ಫೆನಿಚೆ ರಂಗಮಂದಿರಕ್ಕೆ ಹೊಸ ಒಪೆರಾ ಬರೆಯುವ ಮಾತು ನಡೆದಿತ್ತು. ರೊಂಕೋನಿಯಂಥ ಗಾಯಕ ಸಿಕ್ಕರೆ ಲಿಯರ್ ಅಥವಾ ‘ದ ಕೋರ್ಸೇರ್’ ಎತ್ತಿಕೊಳ್ಳುತ್ತೇನೆ ಎಂದು ವೆರ್ದಿ ಅಲ್ಲಿಗೆ ಬರೆದ. ಜಾರ್ಜಿಯೊ ರೊಂಕೋನಿ ಅಂದರೆ ‘ನಬುಕ್ಕೊ’ ಒಪೆರಾದ ಮೊದಲ ನಾಯಕ, ಬುದ್ಧಿ ಕೆಟ್ಟ ದೊರೆಯನ್ನು ಹಾಡಿ ತೋರಿಸಿದವನು. ಅಂಥವನು ಸಿಗಲಿಲ್ಲ, ವೆನಿಸ್ಸಿಗೆ ‘ಎರ್ನಾನಿ’ ಬಂತು. ಮೂರು ವರ್ಷ ಕಳೆದು ಫ್ಲಾರೆನ್ಸಿಗೆ ‘ಮ್ಯಾಕ್‌ಬೆತ್’ ಬರೆದು ಶೇಕ್ಸ್‌ಪಿಯರ್‌ನನ್ನು ಒಮ್ಮೆ ಗೆದ್ದದ್ದೂ ಆಯಿತು. ವೆರ್ದಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಾರ್ಲೊ ರುಸ್ಕೋನಿಯ ಗದ್ಯಾನುವಾದ, ಗೆಳೆಯ ಜೂಲಿಯೊ ಕಾರ್ಕಾನೊನ ಪದ್ಯಾನುವಾದ, ಇವೆರಡೂ ಅವನ ಮಂಚದ ಪಕ್ಕದಲ್ಲೇ ಇರುತ್ತಿದ್ದವು. ಮುಂದೆ 1865ರಲ್ಲಿ ಪ್ಯಾರಿಸ್ಸಿನ ವಿಮರ್ಶಕರು ಇವನಿಗೆ ಶೇಕ್ಸ್‌ಪಿಯರ್ ಗೊತ್ತಿಲ್ಲ ಎಂದಾಗ ಅವನು ಕೆರಳಿಬಿಟ್ಟ. ಎಳೆಯ ವಯಸ್ಸಿನಿಂದ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಓದಿದ ಕವಿ ಅವನು ಎಂದು ತನ್ನ ಪ್ರಕಾಶಕನಿಗೆ ಬರೆದ.

ಈಗ 1850ರ ಫೆಬ್ರವರಿ 28ಕ್ಕೆ ಬನ್ನಿ. ಆ ದಿನ ವೆರ್ದಿ ನೇಪಲ್ಸಿನ ಕವಿ ಸಾಲ್ವಾದೋರೆ ಕಮ್ಮರಾನೊಗೆ ಒಂದು ಕಾಗದ ಬರೆದ. ಅದನ್ನು ಕಾಗದ ಎನ್ನುವುದಕ್ಕೆ ಮನಸ್ಸು ಬರುವುದಿಲ್ಲ, ಅದು ಇಡೀ ಒಪೆರಾದ ನಕ್ಷೆ! ಮೊದಲ ನೋಟಕ್ಕೆ ಲಿಯರ್ ಎಷ್ಟು ವಿಶಾಲ, ಎಷ್ಟು ಗೋಜಲು ಅಂದರೆ ಒಪೆರಾ ಮಾಡುವುದು ಸಾಧ್ಯವೇ ಇಲ್ಲ ಅನ್ನಿಸುತ್ತದೆ, ಆದರೆ ಕೂತು ನೋಡಿದರೆ ಕಷ್ಟ ಅಷ್ಟೇನಿಲ್ಲ ಎಂದು ಶುರುಮಾಡುತ್ತಾನೆ. ಮುಂದಿನ ಮಾತು ಕೇಳಿ: ಇದುವರೆಗೆ ನಾಟಕಗಳನ್ನು ಒಪೆರಾ ಮಾಡಿದ ಹಾಗೆ ಇದನ್ನು ಮಾಡಕೂಡದು, ರೂಢಿಯನ್ನೆಲ್ಲ ಪಕ್ಕಕ್ಕಿಟ್ಟು ಹೊಚ್ಚ ಹೊಸ ರೀತಿಯಲ್ಲಿ ಮಾಡಬೇಕು! ಇಟಲಿಯ ಒಪೆರಾ ಕಟ್ಟುಪಾಡುಗಳ ಮೇಲೆಯೇ ನಿಂತಿದ್ದ ಕಾಲ ಅದು. ನಾಯಕಿಗೆ ಇಷ್ಟು ಹಾಡು, ಅಂಕದ ಕೊನೆಗೆ ಇಂಥದ್ದೇ ಗುಂಪುಗಾಯನ ಎಂದು ಎಲ್ಲ ಮೊದಲೇ ನಿಗದಿ. ಆ ಕಟ್ಟಡವನ್ನೇ ಕೆಡವಲು 36ರ ಹರೆಯದವನು ಹೊರಟಿದ್ದ, ಅದಕ್ಕೆ ಆರಿಸಿಕೊಂಡ ಆಯುಧ ಲಿಯರ್.

ಆ ಕಾಗದದ ಒಳಕ್ಕೆ ಇಳಿದಷ್ಟೂ ಬೆರಗು. ಮುಖ್ಯ ಪಾತ್ರ ಐದು ಅನ್ನುತ್ತಾನೆ: ಲಿಯರ್, ಕಾರ್ಡೀಲಿಯಾ, ವಿದೂಷಕ, ಎಡ್ಮಂಡ್, ಎಡ್ಗರ್. ವಿದೂಷಕನನ್ನು ದೊರೆಯ ಸಾಲಿನಲ್ಲೇ ಕೂರಿಸಿದ್ದಾನೆ, ನೋಡಿ. ಎಡ್ಮಂಡ್, ಎಡ್ಗರ್ ಅಣ್ಣತಮ್ಮಂದಿರ ಅಪ್ಪ ಗ್ಲೌಸ್ಟರ್‌ನ ಕಣ್ಣು ಕೀಳುವ ದೃಶ್ಯ ಬೇಡವೇ ಬೇಡ. ಮಗಳನ್ನು ಹೊರಗಟ್ಟಲು ಶೇಕ್ಸ್‌ಪಿಯರ್ ಕೊಟ್ಟ ಕಾರಣ ಈ ಕಾಲಕ್ಕೆ ಸ್ವಲ್ಪ ಬಾಲಿಶ ಅನ್ನಿಸುವುದಿಲ್ಲವೇ ಎಂದು ಕವಿಯನ್ನೇ ಕೇಳುತ್ತಾನೆ. ದೃಶ್ಯಗಳು ಜಾಸ್ತಿಯಾದವೆಂದು ಗಾಬರಿ ಬೇಡ, ನನ್ನ ‘ಇ ಲೊಂಬಾರ್ದಿ’ಯಲ್ಲಿ 11 ದೃಶ್ಯವಿದ್ದರೂ ಆಡಲು ಯಾರಿಗೂ ತೊಡಕಾಗಲಿಲ್ಲ ಎಂದು ಧೈರ್ಯವನ್ನೂ ಹೇಳುತ್ತಾನೆ.

ಆಮೇಲೆ ಆ ಗುಡಿಸಲಿನ ದೃಶ್ಯ. ಹೊರಗೆ ಬಿರುಗಾಳಿ. ಬುದ್ಧಿ ಕದಡಿದ ಲಿಯರ್ ತನ್ನ ಹೆಣ್ಣುಮಕ್ಕಳ ಮೇಲೆ ವಿಚಾರಣೆ ನಡೆಸಲು ಕೂರುತ್ತಾನೆ. ಆ ಮಕ್ಕಳು ಅಲ್ಲಿಲ್ಲ. ಹುಚ್ಚನ ವೇಷ ಹಾಕಿದ ಎಡ್ಗರ್ ನ್ಯಾಯಾಧೀಶ, ವಿದೂಷಕ ಪಂಡಿತ. ಇದು ಅತ್ಯಂತ ವಿಚಿತ್ರವೂ ಅತ್ಯಂತ ಕರುಳು ಹಿಂಡುವಂಥದ್ದೂ ಆದ ದೃಶ್ಯ ಎಂದು ವೆರ್ದಿ ಒತ್ತಿ ಬರೆಯುತ್ತಾನೆ. ಕೊನೆಗೆ ದಣಿದ ದೊರೆ ಮೆಲ್ಲಮೆಲ್ಲನೆ ನಿದ್ದೆಗೆ ಜಾರಬೇಕಂತೆ. ನ್ಯಾಯಾಲಯವೇ ಇಲ್ಲದ ನ್ಯಾಯಾಲಯ, ಆರೋಪಿಗಳೇ ಇಲ್ಲದ ವಿಚಾರಣೆ, ಅಷ್ಟು ಹೊತ್ತು ಚೀರಿದ ಆರ್ಕೆಸ್ಟ್ರಾ ಒಬ್ಬ ಮುದುಕನ ಉಸಿರಾಟದ ಮಟ್ಟಕ್ಕೆ ಇಳಿಯುವುದು. ಇದನ್ನು ವೆರ್ದಿ 1850ರಲ್ಲಿ ಮನಸ್ಸಿನೊಳಗೆ ಕೇಳಿಸಿಕೊಂಡುಬಿಟ್ಟಿದ್ದ! ಅದೇ ನಕ್ಷೆಯಲ್ಲಿ ಮುಂದೆ ಡೇರೆಯೊಳಗೆ ಲಿಯರ್ ಎಚ್ಚರಗೊಂಡು ಮಗಳನ್ನು ಗುರುತಿಸುವ ಜಾಗ ಬರುತ್ತದೆ, ಅಲ್ಲಿ ಭವ್ಯವಾದ ಯುಗಳಗೀತೆ ಎಂದು ಗುರುತು ಹಾಕಿದ್ದಾನೆ. ಕಡೆಯಲ್ಲಿ ಹೆಣವಾದ ಕಾರ್ಡೀಲಿಯಾ, ದೊರೆಯ ಸಾವು.

ಕಮ್ಮರಾನೊ ಬೆಚ್ಚಿರಬೇಕು. ಅವನು ರೂಢಿಯ ಕವಿ, ಕೈ ಪಳಗಿದ ಕಸುಬುದಾರ. ಲಿಯರ್ ಪಕ್ಕಕ್ಕೆ ಸರಿಯಿತು, ಅವನಿಂದ ‘ಇಲ್ ತ್ರೊವಾತೋರೆ’ ಬರಬೇಕಿತ್ತು. ಅದನ್ನೂ ಪೂರ್ತಿ ಮುಗಿಸದೆ 1852ರ ಜುಲೈನಲ್ಲಿ ತೀರಿಕೊಂಡ. ಆ ಸುದ್ದಿಯನ್ನು ವೆರ್ದಿ ರಂಗಭೂಮಿಯ ಪತ್ರಿಕೆಯೊಂದರಲ್ಲಿ ಓದಿ ತಿಳಿಯಬೇಕಾಯಿತು. ಕವಿಯ ಮನೆಯವರಿಗೆ ಒಪ್ಪಿದ್ದಕ್ಕಿಂತ ಹೆಚ್ಚು ಹಣ ಕಳಿಸಿಕೊಟ್ಟ.

ಲಿಯರ್ ಅಲ್ಲಿಗೆ ಮುಗಿಯಲಿಲ್ಲ. 1853ರ ಮಾರ್ಚ್ 6ರಂದು ವೆನಿಸ್ಸಿನಲ್ಲಿ ‘ಲಾ ತ್ರಾವಿಯಾತಾ’ ನೆಲಕಚ್ಚಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಆಡುವ ಒಪೆರಾಗಳಲ್ಲಿ ಒಂದು ಅದು! ಎರಡು ತಿಂಗಳೂ ಕಳೆದಿರಲಿಲ್ಲ, ವೆರ್ದಿ ಅದೇ ವೆನಿಸ್ಸಿನ ಆಂಟೋನಿಯೊ ಸೊಮ್ಮಾ ಎಂಬ ವಕೀಲನಿಗೆ ಕಾಗದ ಬರೆಯುತ್ತ ಕುಳಿತಿದ್ದ. ಸೊಮ್ಮಾ ನಾಟಕಕಾರನೂ ಹೌದು, ಆದರೆ ಒಪೆರಾಕ್ಕೆ ಸಾಹಿತ್ಯ ಬರೆದವನಲ್ಲ. ನಾಟಕಕಾರರಲ್ಲೆಲ್ಲ ನನಗೆ ಶೇಕ್ಸ್‌ಪಿಯರ್ ದೊಡ್ಡವನು, ಗ್ರೀಕರನ್ನೂ ಸೇರಿಸಿಯೇ ಹೇಳುತ್ತೇನೆ ಎಂಬ ಮಾತು ಆ ಕಾಗದದಲ್ಲಿದೆ. ಅಲ್ಲಿಂದ ಇಬ್ಬರ ನಡುವೆ ವರ್ಷಗಟ್ಟಲೆ ಪತ್ರವ್ಯವಹಾರ. ವೆರ್ದಿ ತೀರಿಕೊಂಡ ಮರುವರ್ಷ, 1902ರಲ್ಲಿ, ಅವು ಪುಸ್ತಕವಾಗಿ ಬಂದವು. ಅಲ್ಲಿಯವರೆಗೆ ಈ ಒಪೆರಾ ಎಷ್ಟು ಮುಂದೆ ಹೋಗಿತ್ತೆಂದು ಹೊರಗಿನವರಿಗೆ ಸುಳಿವೇ ಇರಲಿಲ್ಲ.

ಈ ಪತ್ರಗಳು ಒಪೆರಾ ಕಟ್ಟುವುದನ್ನು ಕಲಿಸುವ ಪಾಠಶಾಲೆ ಅಂದರೆ ತಪ್ಪಾಗದು. ಇಲ್ಲಿ ನಾಲ್ಕು ಸಾಲು ಸಾಕು, ಅಲ್ಲಿ ಛಂದಸ್ಸು ಬದಲಾಗಲಿ, ಈ ಮಾತು ನಟಿಯ ಬಾಯಲ್ಲಿ ಹೊರಳದು ಎಂದು ವೆರ್ದಿ ಒಂದೊಂದು ಪದಕ್ಕೂ ನಿಲ್ಲುತ್ತಾನೆ. ರಂಗಭೂಮಿಯಲ್ಲಿ ಉದ್ದವಾದದ್ದೆಲ್ಲ ಬೇಸರ, ಬೇಸರ ಹುಟ್ಟಿಸುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ ಎಂದು ಕವಿಯನ್ನು ಎಚ್ಚರಿಸುತ್ತಾನೆ. ಗ್ಲೌಸ್ಟರ್ ಕುಟುಂಬದ ಉಪಕಥೆಗೆ ಕತ್ತರಿ ಬೀಳುತ್ತದೆ. ಮೂರು ವರ್ಷದ ಹಿಂದೆ ದೃಶ್ಯಗಳ ಸಂಖ್ಯೆಗೆ ಹೆದರಬೇಡ ಅಂದಿದ್ದವನು ಈಗ ಅದಕ್ಕೇ ಹೆದರುತ್ತಿದ್ದಾನೆ. ಶೇಕ್ಸ್‌ಪಿಯರ್‌ನನ್ನು ಇನ್ನೂ ಹೆಚ್ಚಾಗಿ ಮುಟ್ಟದಿರಲು ಒಂದೇ ಕಾರಣ ಈ ಗಳಿಗೆಗೊಮ್ಮೆ ಬದಲಾಗುವ ದೃಶ್ಯಗಳು ಅನ್ನುತ್ತಾನೆ. ಪರದೆ ಎತ್ತಿ ಇಳಿಸುವಷ್ಟರಲ್ಲಿ ನೋಡುವವರ ಮನಸ್ಸು ಚದುರಿಬಿಡುತ್ತದೆ, ಅಂಕಕ್ಕೊಂದೇ ದೃಶ್ಯ ಇಡುವ ಫ್ರೆಂಚರೇ ಜಾಣರು ಎಂಬ ಅಸೂಯೆಯೂ ಅವನಲ್ಲಿದೆ. ಸೊಮ್ಮಾ ಬೇಸರಿಸದೆ ಬರೆದ, ತಿದ್ದಿದ. 1853ರಲ್ಲಿ ಒಂದು ಪ್ರತಿ ಮುಗಿಯಿತು, 1855ರಲ್ಲಿ ಇನ್ನೊಂದು. ಬುಸ್ಸೇತೊ ಬಳಿಯ ಸಾಂತಾಗಾತಾದಲ್ಲಿ ವೆರ್ದಿಯ ತೋಟದ ಮನೆಯಲ್ಲಿ ಆ ಎರಡೂ ಹಸ್ತಪ್ರತಿಗಳು ಉಳಿದುಕೊಂಡವು.

ಇನ್ನು ರಂಗಮಂದಿರ. ನೇಪಲ್ಸಿನ ಸಾನ್ ಕಾರ್ಲೊ ಒಪ್ಪಿತು. ವೆರ್ದಿಯ ಮನಸ್ಸಿನಲ್ಲಿ ಕಾರ್ಡೀಲಿಯಾ ಯಾರೆಂಬುದು ಆಗಲೇ ನಿಶ್ಚಯವಾಗಿತ್ತು: ಮರಿಯಾ ಪಿಕ್ಕೊಲೊಮಿನಿ. ದೊಡ್ಡ ಕಂಠವಲ್ಲ. ಆದರೆ 1856ರಲ್ಲಿ ಲಂಡನ್ನಿನಲ್ಲಿ ‘ತ್ರಾವಿಯಾತಾ’ದ ನಾಯಕಿಯಾಗಿ ಊರಿಗೆ ಊರನ್ನೇ ಮರುಳುಮಾಡಿದ ನಟಿ. ನೇಪಲ್ಸಿನವರು ರೊಸೀನಾ ಪೆಂಕೊ ಇದ್ದಾಳಲ್ಲ ಅಂದರು. ಪೆಂಕೊ ಸಾಮಾನ್ಯಳಲ್ಲ, ‘ತ್ರೊವಾತೋರೆ’ಯ ಮೊದಲ ಲಿಯೊನೋರಾ ಅವಳೇ. ಆದರೂ ಆಗದು ಅಂದ. ಎಂದೋ 1836ರಲ್ಲೇ ಸತ್ತುಹೋದ ಗಾನರಾಣಿ ಮಾಲಿಬ್ರಾನ್ ಮತ್ತೆ ಹುಟ್ಟಿ ಬಂದರೂ ಸರಿ, ಇವಳನ್ನೇ ತೆಗೆದುಕೊ ಎಂದು ಯಾರೂ ನನ್ನ ಮೇಲೆ ಹೇರುವುದನ್ನು ಒಪ್ಪುವವನಲ್ಲ ಎಂದು ಬರೆದ. ಹಟಮಾರಿತನ ಎನ್ನಬಹುದು. ನಾನು ಹಾಗೆ ಅನ್ನಲಾರೆ. ಇದೇ ವೆರ್ದಿ ‘ಮ್ಯಾಕ್‌ಬೆತ್’ ಸಮಯದಲ್ಲಿ, ಒಬ್ಬ ಗಾಯಕಿಯ ದನಿ ತುಂಬ ಸುಂದರವಾಗಿದೆ, ಲೇಡಿ ಮ್ಯಾಕ್‌ಬೆತ್‌ಗೆ ಅಂಥ ದನಿ ಹೊಂದದು ಎಂದಿದ್ದ. ಚೆಂದಕ್ಕಿಂತ ಸತ್ಯ ದೊಡ್ಡದು ಎಂಬ ಹಟ ಅದು. ಸುಮ್ಮನಿರುವುದೇ ಗುಣವಾದ ಕಾರ್ಡೀಲಿಯಾಳಿಗೆ ಸಾನ್ ಕಾರ್ಲೊದ ಗೋಡೆ ನಡುಗಿಸುವ ಕಂಠ ಯಾಕೆ ಬೇಕು?

ಲಿಯರ್ ಮತ್ತೆ ಪೆಟ್ಟಿಗೆ ಸೇರಿತು. ನೇಪಲ್ಸಿಗೆ ಬೇರೆ ಕಥೆ ಹುಡುಕಬೇಕಾಯಿತು, ಬರೆಯಲು ಕೂತವನು ಮತ್ತೆ ಸೊಮ್ಮಾನೇ. ಅದು ಸ್ವೀಡನ್ ದೊರೆಯ ಕೊಲೆಯ ಕಥೆ. ಸೆನ್ಸಾರಿನವರ ಜೊತೆ ದೊಡ್ಡ ಜಗಳವಾಗಿ, ನೇಪಲ್ಸ್ ಬಿಟ್ಟು ರೋಮ್ ಸೇರಿ, 1859ರ ಫೆಬ್ರವರಿ 17ರಂದು ‘ಉನ್ ಬಾಲ್ಲೊ ಇನ್ ಮಾಸ್ಕೆರಾ’ ಆಗಿ ರಂಗಕ್ಕೇರಿತು. ಲಿಯರ್‌ಗಾಗಿ ಕೈ ಸವೆಸಿದ ಕವಿಗೆ ದಕ್ಕಿದ್ದು ಈ ಒಪೆರಾ. ಅದರ ಮೇಲೂ ತನ್ನ ಹೆಸರು ಬೇಡವೆಂದ. 1864ರಲ್ಲಿ ತೀರಿಕೊಂಡ.

ಈಗ ನೆಲ ಒಡೆದ ಆ ಜಾಗ!

1862ರ ನವೆಂಬರ್‌ನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಲಾ ಫೋರ್ತ್ಸಾ ದೆಲ್ ದೆಸ್ತೀನೊ’ ಮೊದಲ ಪ್ರದರ್ಶನ ಕಂಡಿತು. ಸಾಹಿತ್ಯ ಪಿಯಾವೆ ಎಂಬ ಕವಿಯದು. ಕಥೆಗೂ ಲಿಯರ್‌ಗೂ ಸಂಬಂಧವೇ ಇಲ್ಲ, ಇದು ಸ್ಪೇನಿನ ಕಥೆ. ಮೊದಲ ಅಂಕ, ಸೆವಿಲ್ಲೆ, ರಾತ್ರಿ. ನಾಯಕಿ ಲಿಯೊನೋರಾ ಅಪ್ಪನಿಗೆ ತಿಳಿಯದಂತೆ ಪ್ರಿಯನ ಜೊತೆ ಹೊರಟುಹೋಗಲು ಸಿದ್ಧವಾಗಿದ್ದಾಳೆ. ಅಪ್ಪ ಬಂದು ಅಕ್ಕರೆಯಿಂದ ಮಾತಾಡಿಸಿ ಮಲಗಲು ಹೋಗುತ್ತಾನೆ. ಅವನ ಅಕ್ಕರೆಯೇ ಅವಳನ್ನು ಇರಿಯುತ್ತದೆ. ಆಗ ಒಂದು ಆರಿಯಾ ಹಾಡುತ್ತಾಳೆ: ಹುಟ್ಟಿದ ನೆಲ ಬಿಟ್ಟು, ದಿಕ್ಕಿಲ್ಲದವಳಾಗಿ ಅಲೆಯಲು ಹೊರಟಿದ್ದೇನೆ ಎಂಬ ವಿದಾಯದ ಹಾಡು. ಈಗ ಸೊಮ್ಮಾನ ಲಿಯರ್ ಹಸ್ತಪ್ರತಿ ತೆರೆಯಿರಿ. ಅಪ್ಪ ಹೊರಗಟ್ಟಿದ ಕಾರ್ಡೀಲಿಯಾ ವಿದಾಯ ಹೇಳುವ ಜಾಗ. ಅದೇ ಪದಗಳು, ಅದೇ ಛಂದಸ್ಸು, ಅದೇ ಭಾವ, ಅಲ್ಲೊಂದು ಇಲ್ಲೊಂದು ಮಾತು ಮಾತ್ರ ಬೇರೆ!

ಸ್ವಲ್ಪ ನಿಂತು ಯೋಚಿಸಿ. ವೆನಿಸ್ಸಿನ ವಕೀಲನೊಬ್ಬ ಬ್ರಿಟನ್ನಿನ ರಾಜಕುಮಾರಿಗೆಂದು ಬರೆದ ಸಾಲು ಸ್ಪೇನಿನ ಹುಡುಗಿಯ ಬಾಯಲ್ಲಿ, ರಷ್ಯಾದ ರಂಗಮಂಚದ ಮೇಲೆ, ಬೇರೊಬ್ಬ ಕವಿಯ ಹೆಸರಿನಲ್ಲಿ ಕೇಳಿಬಂತು. ಆ ಸಭೆಯಲ್ಲಿ ಕೂತವರಲ್ಲಿ ಆ ಗುಟ್ಟು ವೆರ್ದಿಗಲ್ಲದೆ ಎಷ್ಟು ಜನಕ್ಕೆ ಗೊತ್ತಿದ್ದೀತು? ಸಾಹಿತ್ಯ ಬಂದಿದೆ ಎಂದಮೇಲೆ ರಾಗವೂ ಅದರ ಬೆನ್ನಿಗೇ ಬಂದಿರಬೇಕು ಎಂದು ವೆರ್ದಿಯನ್ನು ಅಭ್ಯಾಸ ಮಾಡಿದವರು ಊಹಿಸಿದ್ದಾರೆ. ನನ್ನ ಮನಸ್ಸೂ ಆ ಕಡೆಗೇ ವಾಲುತ್ತದೆ. ಪದವೊಂದನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಸಂಗೀತಕಾರ ಅದನ್ನು ಬರಿಯ ಪದವಾಗಿ ಇಟ್ಟುಕೊಂಡಿರುತ್ತಾನೆಯೇ? ಆ ದೃಶ್ಯದ ಮುಂದಿನ ಭಾಗ ಇನ್ನೂ ಗಮನಿಸಬೇಕಾದದ್ದು. ಗುಟ್ಟು ಬಯಲಾಗಿ ಅಪ್ಪ ನುಗ್ಗಿ ಬರುತ್ತಾನೆ, ಪ್ರಿಯ ಶರಣಾಗಿ ಕೆಳಗೆಸೆದ ಪಿಸ್ತೂಲು ತಾನಾಗಿ ಹಾರಿ ಆ ಮುದುಕನಿಗೆ ತಗಲುತ್ತದೆ. ಮಗಳನ್ನು ಶಪಿಸುತ್ತ ಸಾಯುತ್ತಾನೆ. ಮಗಳನ್ನು ಶಪಿಸುವ ಅಪ್ಪ! ಲಿಯರ್ ಅಲ್ಲದೆ ಮತ್ತಾರು?

ಒಂದು ಕಡೆ ಕಂಡಮೇಲೆ ಎಲ್ಲ ಕಡೆ ಕಾಣತೊಡಗುತ್ತದೆ. ಕಮ್ಮರಾನೊಗೆ ಲಿಯರ್ ನಕ್ಷೆ ಕಳಿಸಿದ್ದು 1850ರ ಫೆಬ್ರವರಿ. ಸರಿಯಾಗಿ ಒಂದು ವರ್ಷ ದಾಟುವಷ್ಟರಲ್ಲಿ, 1851ರ ಮಾರ್ಚ್ 11ಕ್ಕೆ, ‘ರಿಗೊಲೆತ್ತೊ’ ಬಂತು. ಮೂಲ ವಿಕ್ಟರ್ ಹ್ಯೂಗೊನ ನಾಟಕ. ಆದರೆ ಲಿಯರ್ ತಲೆಯಲ್ಲಿ ಕುಣಿಯುತ್ತಿದ್ದ ಹೊತ್ತಿನಲ್ಲೇ ಅದು ವೆರ್ದಿಯನ್ನು ಹಿಡಿದದ್ದು ಯಾಕೆ? ಅಲ್ಲಿ ಇರುವುದು ಒಬ್ಬ ವಿದೂಷಕ, ಅವನೇ ಅಪ್ಪ. ಲಿಯರ್ ಕಥೆಯಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಇಲ್ಲಿ ಒಂದೇ ಮೈಯಲ್ಲಿ! ಅಪ್ಪನ ಶಾಪ ಕಥೆಯನ್ನು ಆಳುತ್ತದೆ, ವೆರ್ದಿ ಮೊದಲು ಇಟ್ಟುಕೊಂಡಿದ್ದ ಹೆಸರೂ ‘ಶಾಪ’ ಎಂದೇ. ಕೊನೆಯ ಅಂಕದಲ್ಲಿ ಬಿರುಗಾಳಿ, ಕಟ್ಟಕಡೆಗೆ ಅಪ್ಪನ ತೋಳಲ್ಲಿ ಮಗಳ ಹೆಣ. ಆ ಬಿರುಗಾಳಿಯನ್ನು ಹೇಗೆ ಮಾಡಿದ್ದಾನೆಂದು ಕಿವಿಗೊಟ್ಟು ಕೇಳಿ. ರಂಗದ ಹಿಂದೆ ಗಂಡಸರ ಮೇಳ ಬಾಯಿ ಮುಚ್ಚಿಕೊಂಡು ಗುಂಯ್‌ಗುಡುತ್ತದೆ. ಗಾಳಿಯ ಹುಯಿಲಿಗೆ ಮನುಷ್ಯರ ಗಂಟಲು!

1857ರ ‘ಸಿಮೊನ್ ಬೊಕ್ಕಾನೆಗ್ರಾ’ ತೆಗೆದುಕೊಳ್ಳಿ. ನೇಪಲ್ಸಿನ ಜೊತೆ ಕಾರ್ಡೀಲಿಯಾಳಿಗಾಗಿ ಜಗ್ಗಾಡುತ್ತಿದ್ದ ತಿಂಗಳುಗಳಲ್ಲೇ ಬರೆದದ್ದು ಅದು. ಜಿನೋವಾ ಆಳುವವನು ಕಳೆದುಹೋದ ಮಗಳನ್ನು ಎಷ್ಟೋ ವರ್ಷದ ಮೇಲೆ ಗುರುತಿಸುತ್ತಾನೆ. ಆ ಯುಗಳಗೀತೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಡವಿ ನೋಡುವಂತೆ ಹಾಡು ಮೆಲ್ಲಗೆ ತಡೆದು ತಡೆದು ಏರುತ್ತ ಹೋಗಿ, ಗುರುತು ಸಿಕ್ಕ ಕ್ಷಣಕ್ಕೆ ಭೋರೆಂದು ಒಡೆಯುತ್ತದೆ. ಲಿಯರ್ ನಕ್ಷೆಯಲ್ಲಿ ಡೇರೆಯ ದೃಶ್ಯಕ್ಕೆ ಭವ್ಯ ಯುಗಳಗೀತೆ ಎಂದು ಗುರುತು ಹಾಕಿದ್ದನಲ್ಲ, ಅದು ಇದೇ ಎಂದು ನಾನು ನಂಬುತ್ತೇನೆ.

ಹಾಗಾದರೆ ಲಿಯರನ್ನೇ ಯಾಕೆ ಬರೆಯಲಿಲ್ಲ? ಗಾಯಕಿ ಸಿಗದ ನೆಪ, ದೃಶ್ಯ ಬದಲಾವಣೆಯ ತೊಡಕು, ಇವೆಲ್ಲ ನಿಜವಾದ ಅಡ್ಡಿಗಳೇ. ಆದರೆ ಅದಕ್ಕಿಂತ ಆಳದ ಉತ್ತರವನ್ನು ವೆರ್ದಿ ತಾನೇ ಕೊಟ್ಟಿದ್ದಾನೆ, ಅದೂ ಇಳಿವಯಸ್ಸಿನಲ್ಲಿ. 1890ರಲ್ಲಿ ‘ಕವಾಲ್ಲೇರಿಯಾ ರುಸ್ತಿಕಾನಾ’ ಬರೆದು ರಾತ್ರೋರಾತ್ರಿ ಹೆಸರಾದ ಯುವಕ ಪಿಯೆತ್ರೊ ಮಸ್ಕಾನ್ಯಿ ಒಮ್ಮೆ ಮುದುಕನೊಡನೆ ಮಾತಾಡುತ್ತ ಕೂತಿದ್ದ. ಲಿಯರ್ ಮೇಲೆ ಅವನಿಗೂ ಕಣ್ಣಿತ್ತು. ನನ್ನ ಹತ್ತಿರ ಅದಕ್ಕೆ ಸಂಬಂಧಿಸಿದ ಸಾಮಗ್ರಿ ಬೇಕಾದಷ್ಟಿದೆ, ಬೇಕಾದರೆ ಕೊಡುತ್ತೇನೆ ಎಂದು ವೆರ್ದಿ ಹೇಳಿದನಂತೆ. ಗುರುಗಳೇ, ನೀವೇ ಯಾಕೆ ಬರೆಯಲಿಲ್ಲ ಎಂದು ಇವನು ಕೇಳಿಬಿಟ್ಟ. ವೆರ್ದಿ ಮೆತ್ತಗಿನ ದನಿಯಲ್ಲಿ, ನಿಧಾನವಾಗಿ, ಲಿಯರ್ ಬಟಾಬಯಲಿನಲ್ಲಿ ಒಂಟಿಯಾಗುವ ಆ ದೃಶ್ಯ ನನ್ನನ್ನು ಹೆದರಿಸಿಬಿಟ್ಟಿತು ಅಂದ. ಮಸ್ಕಾನ್ಯಿ ಬದುಕಿಡೀ ಆ ಗಳಿಗೆಯನ್ನು ಮರೆಯಲಿಲ್ಲ.

ಹೆದರಿದವನು ಯಾರು? ‘ಒತೆಲ್ಲೊ’ ಬರೆದವನು! 1887ರ ಫೆಬ್ರವರಿ 5ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಪರದೆ ಎದ್ದಾಗ ಪೀಠಿಕೆಯ ಸಂಗೀತವೇ ಇಲ್ಲದೆ ನೇರ ಚಂಡಮಾರುತದೊಳಕ್ಕೆ ಸಭೆಯನ್ನು ಎಸೆದವನು. ಆ ದೃಶ್ಯದ ತಳದಲ್ಲಿ ಆರ್ಗನ್ ಒಂದಕ್ಕೊಂದು ತಾಗಿದ ಮೂರು ಮಂದ್ರಸ್ವರಗಳನ್ನು ಒಟ್ಟಿಗೆ ಒತ್ತಿಹಿಡಿದು ಬಹಳ ಹೊತ್ತು ಬಿಡುವುದೇ ಇಲ್ಲ. ಅದು ಸ್ವರವಾಗಿ ಕೇಳಿಸುವುದಿಲ್ಲ, ನೆಲ ನಡುಗುವ ಹಾಗೆ ಎದೆಗೂಡಿಗೆ ತಟ್ಟುತ್ತದೆ. ಅದು ನಿಂತಾಗಲೇ ಇಷ್ಟು ಹೊತ್ತು ಅದು ಇತ್ತೆಂದು ಗೊತ್ತಾಗುವುದು. ಇಂಥದ್ದನ್ನು 73ನೇ ವಯಸ್ಸಿನಲ್ಲಿ ಮಾಡಿ ತೋರಿಸಿದವನಿಗೆ ಗುಡುಗು ಮಿಂಚಿನ ಭಯವೇ? ಅಲ್ಲವೇ ಅಲ್ಲ. ಒತೆಲ್ಲೊನ ಚಂಡಮಾರುತ ಸಮುದ್ರದ ಮೇಲಿನದು, ರಿಗೊಲೆತ್ತೊನ ಬಿರುಗಾಳಿ ಮನೆಯ ಹೊರಗಿನದು. ಲಿಯರ್‌ನ ಬಿರುಗಾಳಿ ತಲೆಯೊಳಗಿನದು. ಹೊರಗಿನ ಗಾಳಿ ಎಲ್ಲಿ ಮುಗಿಯಿತು, ಮುದುಕನ ಮನಸ್ಸು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದ ಜಾಗ ಅದು. ಅಲ್ಲಿಗೆ ಇಳಿಯಬೇಕಾದರೆ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಆ ಮನೆಯ ಬಾಗಿಲನ್ನು ಮತ್ತೆ ತೆರೆಯಬೇಕಿತ್ತು. ಅವನು ಹೆದರಿದ್ದು ನಾಟಕಕ್ಕಲ್ಲ ಎಂದೇ ನನ್ನ ಎಣಿಕೆ.

‘ಫಾಲ್‌ಸ್ಟಾಫ್’ 1893ರ ಫೆಬ್ರವರಿ 9ರಂದು ಬಂತು. ಹತ್ತಿರ ಹತ್ತಿರ ಎಂಬತ್ತರ ಮುದುಕ ಕೊಟ್ಟ ನಗುವಿನ ಒಪೆರಾ. ಸಾಹಿತ್ಯ ಬರೆದ ಅರ್ರೀಗೊ ಬೊಯಿತೊ ಇನ್ನೂ ಇದ್ದ, ಮುಂದಿನದು ಲಿಯರ್ ಎಂಬ ಮಾತು ಮತ್ತೆ ಎದ್ದಿತು. ಎರಡನೆಯ ಹೆಂಡತಿ ಜುಸೆಪ್ಪೀನಾ ಅಡ್ಡ ಬಂದಳು: ವೆರ್ದಿಗೆ ವಯಸ್ಸಾಗಿದೆ, ದಣಿದಿದ್ದಾನೆ, ಬಿಟ್ಟುಬಿಡಿ. ಬಿಟ್ಟರು.

ಆ ಹೊತ್ತಿಗೆ ವೆರ್ದಿ ಬೇರೊಂದರಲ್ಲಿ ಮುಳುಗಿದ್ದ. ಮಿಲಾನಿನಲ್ಲಿ ಜಾಗ ಕೊಂಡು, ಬೊಯಿತೊನ ಅಣ್ಣ, ವಾಸ್ತುಶಿಲ್ಪಿ ಕಮಿಲ್ಲೊ ಬೊಯಿತೊನ ಕೈಯಲ್ಲಿ ನಕ್ಷೆ ಹಾಕಿಸಿ, ಮುಪ್ಪಿನಲ್ಲಿ ಗತಿಯಿಲ್ಲದ ಸಂಗೀತಗಾರರಿಗೆ ಒಂದು ಮನೆ ಕಟ್ಟಿಸುತ್ತಿದ್ದ. ಲಿಯರ್ ಬಟಾಬಯಲಿನಲ್ಲಿ ಮಳೆಗೆ ನೆನೆಯುತ್ತ ಮೊಟ್ಟಮೊದಲ ಬಾರಿಗೆ ಯಾರ ಬಗ್ಗೆ ಯೋಚಿಸುತ್ತಾನೆ ಎಂಬುದು ನಾಟಕ ಓದಿದವರಿಗೆ ನೆನಪಿರುತ್ತದೆ. ಸೂರಿಲ್ಲದವರ ಬಗ್ಗೆ. ದೊರೆಯಾಗಿದ್ದಾಗ ಅವರ ಕಡೆ ತಿರುಗಿ ನೋಡಲಿಲ್ಲವಲ್ಲ ಎಂದು ಹಲುಬುತ್ತಾನೆ. ಆ ದೃಶ್ಯಕ್ಕೆ ಸ್ವರ ಹಾಕಲಾರೆ ಎಂದು ಹೆದರಿದವನು ಸೂರನ್ನೇ ಕಟ್ಟಿಬಿಟ್ಟ! ನನ್ನ ಕೃತಿಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಈ ಮನೆ ಎಂದು ಬರೆದ. ತಾನು ಬದುಕಿರುವಾಗ ಯಾರೂ ಬಂದು ಸೇರಬಾರದು ಎಂದೂ ಕಟ್ಟಪ್ಪಣೆ ಮಾಡಿದ, ಕೃತಜ್ಞತೆ ಹೇಳಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು. 1901ರ ಜನವರಿ 27ರಂದು ತೀರಿಕೊಂಡ. 1902ರ ಅಕ್ಟೋಬರ್ 10ರಂದು, ಅವನ ಹುಟ್ಟಿದ ಹಬ್ಬದ ದಿನ, ಮೊದಲ ಮುದುಕರು ಆ ಮನೆಯೊಳಗೆ ಕಾಲಿಟ್ಟರು. ಅವನ ಸಮಾಧಿಯೂ ಅಲ್ಲೇ ಇದೆ, ಸಂಗೀತಗಾರರು ಇಂದಿಗೂ ಅಲ್ಲಿ ವಾಸವಾಗಿದ್ದಾರೆ.

ಲಿಯರ್ ಒಪೆರಾ ಆಗದೆ ಉಳಿಯಲಿಲ್ಲ. 1978ರಲ್ಲಿ ಜರ್ಮನಿಯ ಅರಿಬೆರ್ಟ್ ರೈಮಾನ್ ಮ್ಯೂನಿಕ್‌ನಲ್ಲಿ ‘ಲಿಯರ್’ ರಂಗಕ್ಕೆ ತಂದ, ಮಹಾನ್ ಬ್ಯಾರಿಟೋನ್ ಫಿಷರ್-ಡೀಸ್ಕೌ ದೊರೆಯಾಗಿ ಹಾಡಿದ. ಅದರಲ್ಲಿ ಆರ್ಕೆಸ್ಟ್ರಾ ಚೂರುಚೂರಾಗಿ ಸಿಡಿಯುತ್ತದೆ. ಬಹುಶಃ ಆ ಬಿರುಗಾಳಿಗೆ ಇಪ್ಪತ್ತನೆಯ ಶತಮಾನದ ಆ ಭಾಷೆಯೇ ಬೇಕಿತ್ತು. ವೆರ್ದಿಯ ಕಾಗದಪತ್ರಗಳ ಕಥೆಯೂ ಮುಗಿದಿಲ್ಲ. ಸಾಂತಾಗಾತಾದ ಮನೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಅವನ ಸಂಗೀತದ ಕರಡುಗಳ ಸಾವಿರಾರು ಪುಟಗಳು ಕೆಲವು ವರ್ಷಗಳ ಹಿಂದೆ ಪಾರ್ಮಾದ ಸರ್ಕಾರಿ ಪತ್ರಾಗಾರಕ್ಕೆ ಬಂದು ಸೇರಿದವು. ವಿದ್ವಾಂಸರು ಅವನ್ನು ಪುಟ ಪುಟವಾಗಿ ಓದಬಹುದಾದ ಕಾಲ ಬಂದಿದೆ.

ನೀವು ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ‘ಫೋರ್ತ್ಸಾ ದೆಲ್ ದೆಸ್ತೀನೊ’ ಧ್ವನಿಮುದ್ರಣ ಎಲ್ಲೆಂದರಲ್ಲಿ ಸಿಗುತ್ತದೆ. ಹೆಸರುವಾಸಿಯಾದ ಪೀಠಿಕೆ ಮುಗಿಯಲಿ, ಅಪ್ಪ ಮಲಗಲು ಹೋಗಲಿ, ಅಲ್ಲಿ ಲಿಯೊನೋರಾ ಶುರುಮಾಡುವ ಹಾಡನ್ನು ಕಾರ್ಡೀಲಿಯಾಳ ಹಾಡೆಂದುಕೊಂಡು ಒಮ್ಮೆ ಕೇಳಿ. ವೆರ್ದಿಯ ‘ಲಿಯರ್’ನಿಂದ ನಮಗೆ ದಕ್ಕಿರುವುದು ಅಷ್ಟು, ಕೆಲವೇ ನಿಮಿಷ. ಕೇಳದೆ ಇರಬೇಡಿ.